ಇನಾಮೋ, ಸಂಬಳವೋ? (ಭಾಗ 9)

ಹೋದ ಭಾಗದಲ್ಲಿ ನೈಟ್ ಡ್ಯೂಟಿ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಕಾಮೆಂಟುಗಳಲ್ಲಿ ದೊಡ್ಡಪ್ಪನ ಪ್ರಶ್ನೆ ಮಾತ್ರ ಬೇರೆ ತರಹ ಇತ್ತು: "ಅದೆಲ್ಲ ಸರಿ ಕಣಮ್ಮಾ, ಅಲ್ಲಿ ನಿನಗೆ ಪೆನ್ಷನ್ ಇದೆಯೋ ಇಲ್ಲವೋ?" ಹೈಸ್ಕೂಲ್ ಮೇಷ್ಟ್ರಾಗಿ ನಿವೃತ್ತರಾದವರು, ಕೇಳುವುದೇ ಇಂಥದ್ದನ್ನು. ಇದೆ ದೊಡ್ಡಪ್ಪ. ಆದರೆ ಅದು ಇಲ್ಲಿಯ ನರ್ಸ್‌ಗಳಿಗೆ, ಅದರಲ್ಲೂ ನನ್ನಂತೆ ಪಾರ್ಟ್ ಟೈಮ್ ಕೆಲಸ ಮಾಡುವವರಿಗೆ ಹೇಗೆ ಬಂತು ಅನ್ನುವುದು ಒಂದು ದೊಡ್ಡ ಕಥೆ. ಇವತ್ತು ಅದನ್ನೇ ಬರೆಯುತ್ತೇನೆ. ಕೋರ್ಟು ಕಚೇರಿಯ ವಿಷಯ, ಸ್ವಲ್ಪ ಉದ್ದ ಆಗುತ್ತದೆ. ಕಾಫಿ ಲೋಟ ಪಕ್ಕದಲ್ಲಿಟ್ಟುಕೊಂಡು ಓದಿ.

ಮೊದಲು ನನ್ನ ಲೆಕ್ಕ ಹೇಳಿಬಿಡುತ್ತೇನೆ. ಎರಡನೇ ಮಗು ಹುಟ್ಟಿದ ಮೇಲೆ ನಾನು ವಾರಕ್ಕೆ 15 ಗಂಟೆ ಕೆಲಸಕ್ಕೆ ಇಳಿದಿದ್ದೇನೆ. ಏಳೂವರೆ ಗಂಟೆಯ ಎರಡು ಶಿಫ್ಟ್. ಇಲ್ಲಿ ಫುಲ್ ಟೈಮ್ ಅಂದರೆ ವಾರಕ್ಕೆ 37.5 ಗಂಟೆ. ಅಂದರೆ ಅರ್ಧಕ್ಕಿಂತ ಕಡಿಮೆ. ಆದರೂ ಪ್ರತಿ ತಿಂಗಳ ಪೇಸ್ಲಿಪ್‌ನಲ್ಲಿ ಪೆನ್ಷನ್ ಅಂತ ಒಂದು ಸಾಲು ಇರುತ್ತದೆ. ನನ್ನ ಕೈಯಿಂದ ಒಂದಷ್ಟು ಹಣ ಹೋಗುತ್ತದೆ, ಕೆಲಸ ಕೊಟ್ಟವರು ಅದಕ್ಕಿಂತ ಹೆಚ್ಚು ಹಾಕುತ್ತಾರೆ. ಈಗಿನ ಎನ್‌ಎಚ್‌ಎಸ್ ಪೆನ್ಷನ್ ನಿಯಮದಲ್ಲಿ ಆಯಾ ವರ್ಷ ಗಳಿಸಿದ ಸಂಬಳದ 54ರಲ್ಲಿ ಒಂದು ಪಾಲು ಪೆನ್ಷನ್ ಲೆಕ್ಕಕ್ಕೆ ಸೇರುತ್ತದೆ. ಕಡಿಮೆ ದುಡಿದರೆ ಕಡಿಮೆ, ಆದರೆ ದುಡಿದಷ್ಟಕ್ಕೆ ಇದ್ದೇ ಇರುತ್ತದೆ.

1991ರ ಏಪ್ರಿಲ್‌ಗೆ ಮೊದಲು ನಾನು ಇದೇ ಕೆಲಸವನ್ನು ಇಷ್ಟೇ ಗಂಟೆ ಮಾಡಿದ್ದರೆ ಆ ಸಾಲು ಇರುತ್ತಿರಲಿಲ್ಲ. ಆಗಿನ ನಿಯಮ ಹಾಗಿತ್ತು. ಫುಲ್ ಟೈಮಿನ ಅರ್ಧಕ್ಕಿಂತ ಕಡಿಮೆ ಕೆಲಸ ಮಾಡುವವರು ಆ ಪೆನ್ಷನ್ ಯೋಜನೆಗೆ ಸೇರುವ ಹಾಗೇ ಇರಲಿಲ್ಲ. ಹಾಗೆ ಕೆಲಸ ಮಾಡುತ್ತಿದ್ದವರು ಯಾರು ಅಂತ ನಿಮಗೇ ಗೊತ್ತಾಗುತ್ತದೆ. ಹಗಲು ಮಕ್ಕಳನ್ನು ನೋಡಿಕೊಂಡು ರಾತ್ರಿ ವಾರ್ಡಿಗೆ ಬರುತ್ತಿದ್ದ ತಾಯಂದಿರು, ವಯಸ್ಸಾದ ಅತ್ತೆ ಮಾವನನ್ನು ನೋಡಿಕೊಳ್ಳುತ್ತಿದ್ದವರು. ನರ್ಸ್‌ಗಳು ಮಾತ್ರ ಅಲ್ಲ. ಶಾಲೆಯಲ್ಲಿ ಪಾರ್ಟ್ ಟೈಮ್ ಪಾಠ ಮಾಡುವವರು, ಬ್ಯಾಂಕಿನ ಕೌಂಟರಿನಲ್ಲಿ ಅರ್ಧ ದಿನ ಕೂರುವವರು, ಎಲ್ಲರದ್ದೂ ಒಂದಲ್ಲ ಒಂದು ರೀತಿಯಲ್ಲಿ ಇದೇ ಪಾಡು.

ಈ ಎಲ್ಲ ಜಗಳದ ಬುಡದಲ್ಲಿ ಇರುವುದು ಒಂದೇ ಪ್ರಶ್ನೆ. ಪೆನ್ಷನ್ ಅಂದರೆ ಏನು? ಯಜಮಾನ ಖುಷಿಯಿಂದ ಕೊಡುವ ಇನಾಮೋ, ಅಥವಾ ದುಡಿದವರಿಗೆ ತಡವಾಗಿ ಸಿಗುವ ಸಂಬಳವೋ? ಇನಾಮು ಅಂತಾದರೆ ಯಾರಿಗೆ ಕೊಡಬೇಕು, ಯಾರಿಗೆ ಬಿಡಬೇಕು ಅನ್ನುವುದು ಕೊಡುವವನ ಇಷ್ಟ. ಸಂಬಳ ಅಂತಾದರೆ ಹಾಗೆ ಮಾಡಲು ಬರುವುದಿಲ್ಲ. ಕೇಳಲು ಇಷ್ಟು ಸುಲಭದ ಪ್ರಶ್ನೆ. ಉತ್ತರ ಸಿಗಲು ಯುರೋಪಿನಲ್ಲಿ ಸುಮಾರು ಮೂವತ್ತು ವರ್ಷ ಹಿಡಿಯಿತು. ಕೋರ್ಟಿಗೆ ಹೋದವರಲ್ಲಿ ಹೆಚ್ಚಿನವರು ಕೆಲಸ ಬಿಟ್ಟವರು ಅಥವಾ ಕೆಲಸ ಕಳೆದುಕೊಂಡವರು.

ಮೊದಲನೆಯವರು ಒಬ್ಬ ಗಗನಸಖಿ. ಹೆಸರು ಗೇಬ್ರಿಯೆಲ್ ಡೆಫ್ರೆನ್. ಬೆಲ್ಜಿಯಂನ ಸಬೇನಾ ವಿಮಾನ ಕಂಪನಿಯಲ್ಲಿ 1951ರಲ್ಲಿ ಸೇರಿದವರು. ಅಲ್ಲಿ ಗಗನಸಖಿಯರಿಗೆ 40 ವರ್ಷ ತುಂಬಿದರೆ ಕೆಲಸ ಮುಗಿಯಿತು ಅಂತ ಒಪ್ಪಂದದಲ್ಲೇ ಬರೆದಿತ್ತು. ಅದೇ ವಿಮಾನದಲ್ಲಿ ಅದೇ ಕೆಲಸ ಮಾಡುತ್ತಿದ್ದ ಗಂಡಸರಿಗೆ ಆ ಮಿತಿ ಇರಲಿಲ್ಲ. 1968ರ ಫೆಬ್ರವರಿಯಲ್ಲಿ ಡೆಫ್ರೆನ್ ಅವರನ್ನು ಮನೆಗೆ ಕಳಿಸಿದರು. ಮೇಲಾಗಿ ವಿಮಾನ ಸಿಬ್ಬಂದಿಗಿದ್ದ ವಿಶೇಷ ಪೆನ್ಷನ್‌ನಿಂದ ಗಗನಸಖಿಯರನ್ನು ಸರ್ಕಾರಿ ಆದೇಶವೇ ಹೊರಗಿಟ್ಟಿತ್ತು.

1957ರ ರೋಮ್ ಒಪ್ಪಂದದಲ್ಲಿ 119ನೇ ವಿಧಿ ಅಂತ ಒಂದಿತ್ತು. ಸಮಾನ ಕೆಲಸಕ್ಕೆ ಗಂಡಿಗೂ ಹೆಣ್ಣಿಗೂ ಸಮಾನ ವೇತನ ಅಂತ. ಅದನ್ನು ಹಿಡಿದುಕೊಂಡು ಎಲಿಯಾನ್ ವೋಗೆಲ್-ಪೊಲ್‌ಸ್ಕಿ ಎಂಬ ವಕೀಲೆ ಡೆಫ್ರೆನ್ ಪರವಾಗಿ ನಿಂತರು. ಪೆನ್ಷನ್ ಕೇಸು ಲಕ್ಸೆಂಬರ್ಗಿನಲ್ಲಿರುವ ಯುರೋಪಿನ ನ್ಯಾಯಾಲಯಕ್ಕೆ ಹೋಯಿತು. 1971ರ ಮೇ 25ರಂದು ತೀರ್ಪು ಬಂತು. ಸೋತರು. ಕಾನೂನಿನ ಮೂಲಕ ಬರುವ ಸಾಮಾಜಿಕ ಭದ್ರತೆಯ ಪೆನ್ಷನ್ ವೇತನ ಅಲ್ಲ, ಆದ್ದರಿಂದ 119ನೇ ವಿಧಿ ಅದಕ್ಕೆ ಬರುವುದಿಲ್ಲ ಅಂದರು.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಅದೇ ತಿಂಗಳು, 1971ರ ಮೇ 4ರಂದು, ದಿಲ್ಲಿಯ ನಮ್ಮ ಸುಪ್ರೀಂ ಕೋರ್ಟಿನಲ್ಲಿ ದೇವಕಿನಂದನ ಪ್ರಸಾದ್ ಎಂಬುವರ ಕೇಸಿನ ತೀರ್ಪು ಬಂದಿತ್ತು. ಬಿಹಾರದ ಶಿಕ್ಷಣ ಇಲಾಖೆಯಲ್ಲಿ ಅಧಿಕಾರಿಯಾಗಿದ್ದವರು. ಸರ್ಕಾರ ಅವರ ಪೆನ್ಷನ್ ತಡೆಹಿಡಿದಿತ್ತು. ಪೆನ್ಷನ್ ಅನ್ನುವುದು ಸರ್ಕಾರದ ಮರ್ಜಿಯ ಮೇಲೆ ನಿಂತ ದಾನ ಅಲ್ಲ, ಅದು ನೌಕರನ ಹಕ್ಕು, ಅವನ ಆಸ್ತಿ ಇದ್ದ ಹಾಗೆ ಅಂತ ಐವರು ನ್ಯಾಯಮೂರ್ತಿಗಳು ಹೇಳಿದರು. ಎರಡೂ ಕೇಸು ಒಂದೇ ಅಲ್ಲ, ಕಾನೂನೂ ಬೇರೆ ಬೇರೆ. ಆದರೂ ಒಂದೇ ತಿಂಗಳಲ್ಲಿ ದಿಲ್ಲಿಯಲ್ಲಿ ಬಿಹಾರದ ಒಬ್ಬ ನೌಕರ ಗೆದ್ದಿದ್ದು, ಲಕ್ಸೆಂಬರ್ಗಿನಲ್ಲಿ ಒಬ್ಬ ಗಗನಸಖಿ ಸೋತಿದ್ದು ನೋಡಿ. ಎಲ್ಲ ಒಳ್ಳೆಯ ಕಾನೂನೂ ಫಾರಿನ್‌ನಿಂದಲೇ ಬಂತು ಅಂದುಕೊಳ್ಳುವವರಿಗೆ ಇದನ್ನು ತೋರಿಸಬೇಕು.

ಡೆಫ್ರೆನ್ ಅಷ್ಟಕ್ಕೇ ಬಿಡಲಿಲ್ಲ. ಕೆಲಸದಲ್ಲಿದ್ದಾಗ ಗಂಡಸರಿಗಿಂತ ಕಡಿಮೆ ಕೊಟ್ಟ ಸಂಬಳದ ವ್ಯತ್ಯಾಸ ಕೇಳಿ ಇನ್ನೊಂದು ಕೇಸು ಹಾಕಿದ್ದರು. ಮೊತ್ತ 12,716 ಬೆಲ್ಜಿಯನ್ ಫ್ರಾಂಕ್, ದೊಡ್ಡ ಹಣವೇನಲ್ಲ. 1976ರ ಏಪ್ರಿಲ್ 8ರಂದು ಅದರಲ್ಲಿ ಗೆದ್ದರು. ಸಮಾನ ವೇತನದ ಹಕ್ಕನ್ನು ಯಾವ ಉದ್ಯೋಗಿಯಾದರೂ ತನ್ನ ದೇಶದ ಕೋರ್ಟಿನಲ್ಲೇ ನೇರವಾಗಿ ಕೇಳಬಹುದು ಅಂತಾಯಿತು. ಆದರೆ ಸರ್ಕಾರಗಳೂ ಕಂಪನಿಗಳೂ ದಿವಾಳಿಯಾಗಬಾರದು ಅಂತ ಒಂದು ಗೆರೆ ಎಳೆದರು. ಮೊದಲೇ ಕೇಸು ಹಾಕಿದವರನ್ನು ಬಿಟ್ಟು ಉಳಿದವರು ಆ ದಿನಕ್ಕಿಂತ ಹಿಂದಿನದನ್ನು ಕೇಳುವ ಹಾಗಿಲ್ಲ. 1976ರ ಏಪ್ರಿಲ್ 8 ಅನ್ನುವ ತಾರೀಖು ನೆನಪಿಟ್ಟುಕೊಳ್ಳಿ. ನರ್ಸ್‌ಗಳ ಕಥೆಯಲ್ಲಿ ಮತ್ತೆ ಬರುತ್ತದೆ.

ಮುಂದಿನವರು ಜರ್ಮನಿಯ ಕರಿನ್ ವೆಬರ್ ಫಾನ್ ಹಾರ್ಟ್ಸ್. ಬಿಲ್ಕಾ ಎಂಬ ದೊಡ್ಡ ಅಂಗಡಿಯಲ್ಲಿ ಸೇಲ್ಸ್ ಕೆಲಸ. 1961ರಿಂದ ಹನ್ನೊಂದು ವರ್ಷ ಫುಲ್ ಟೈಮ್, ಆಮೇಲೆ 1976ರವರೆಗೆ ಪಾರ್ಟ್ ಟೈಮ್. ಕಂಪನಿಯ ಪೆನ್ಷನ್ ಸಿಗಬೇಕಾದರೆ ಪಾರ್ಟ್ ಟೈಮ್‌ನವರು 20 ವರ್ಷಗಳಲ್ಲಿ ಕನಿಷ್ಠ 15 ವರ್ಷ ಫುಲ್ ಟೈಮ್ ದುಡಿದಿರಬೇಕು ಅನ್ನುವ ನಿಯಮ. ಇವರಿಗೆ ಅಷ್ಟಾಗಲಿಲ್ಲ, ಪೆನ್ಷನ್ ಇಲ್ಲ ಅಂದರು. ಕಂಪನಿಯ ವಾದ ಕೇಳಿ: ಪಾರ್ಟ್ ಟೈಮ್‌ನವರು ಸಂಜೆ ಹೊತ್ತು, ಶನಿವಾರ ಬರಲು ಒಪ್ಪುವುದಿಲ್ಲ, ಹಾಗಾಗಿ ಫುಲ್ ಟೈಮ್‌ಗೆ ಆಸೆ ಹುಟ್ಟಿಸಲು ಪೆನ್ಷನ್ ಅವರಿಗೆ ಮಾತ್ರ ಇಟ್ಟಿದ್ದೇವೆ ಅಂತ.

1986ರ ಮೇ 13ರಂದು ಲಕ್ಸೆಂಬರ್ಗ್ ಕೋರ್ಟ್ ಎರಡು ಮಾತು ಹೇಳಿತು. ಒಂದು, ಉದ್ಯೋಗದ ಒಪ್ಪಂದದಿಂದಲೇ ಹುಟ್ಟುವ ಇಂಥ ಕಂಪನಿ ಪೆನ್ಷನ್ ವೇತನವೇ. ಎರಡು, ನಿಯಮದಲ್ಲಿ ಹೆಂಗಸರು ಅನ್ನುವ ಪದ ಇಲ್ಲದಿದ್ದರೂ, ಅದು ಗಂಡಸರಿಗಿಂತ ತುಂಬ ಹೆಚ್ಚು ಹೆಂಗಸರನ್ನು ಹೊರಗಿಡುತ್ತದೆ ಅಂತಾದರೆ ಅದು ತಾರತಮ್ಯ. ವ್ಯವಹಾರಕ್ಕೆ ನಿಜಕ್ಕೂ ಅಗತ್ಯ ಇತ್ತು ಅಂತ ತೋರಿಸುವ ಹೊಣೆ ಕಂಪನಿಯದ್ದು. ಈ ಎರಡನೇ ಮಾತು ನನಗೆ ತುಂಬ ಮುಖ್ಯ ಅನಿಸುತ್ತದೆ. ನಿಯಮದ ಅಕ್ಷರ ನೋಡಿದರೆ ಸಾಲದು, ಅದು ಯಾರ ತಲೆಯ ಮೇಲೆ ಬೀಳುತ್ತದೆ ಅಂತಲೂ ನೋಡಬೇಕು.

ಇಂಗ್ಲೆಂಡಿನಿಂದ ಹೋದ ದೊಡ್ಡ ಕೇಸು ಒಬ್ಬ ಗಂಡಸಿನದು. ಡಗ್ಲಸ್ ಬಾರ್ಬರ್, ಗಾರ್ಡಿಯನ್ ರಾಯಲ್ ಎಕ್ಸ್‌ಚೇಂಜ್ ಎಂಬ ವಿಮಾ ಕಂಪನಿಯ ನೌಕರ. 1980ರ ಕೊನೆಯಲ್ಲಿ 52ನೇ ವಯಸ್ಸಿಗೆ ಕೆಲಸ ಹೋಯಿತು. ಹಾಗೆ ಕೆಲಸ ಹೋದವರಿಗೆ ಹೆಂಗಸಾದರೆ 50ಕ್ಕೆ, ಗಂಡಸಾದರೆ 55ಕ್ಕೆ ತಕ್ಷಣ ಪೆನ್ಷನ್. ಇವರು ಹೆಣ್ಣಾಗಿದ್ದರೆ ಅವತ್ತೇ ಸಿಗುತ್ತಿತ್ತು. ಕೇಸು ನಡೆಯುತ್ತಿರುವಾಗಲೇ ತೀರಿಕೊಂಡರು. ಹೆಂಡತಿ ಪಮೇಲಾ ಬಿಡದೆ ಮುಂದುವರಿಸಿದರು. 1990ರ ಮೇ 17ರಂದು ಗೆದ್ದರು. ಬ್ರಿಟನ್ನಿನ ಇಂಥ ಕಂಪನಿ ಪೆನ್ಷನ್ ಕೂಡ ವೇತನವೇ ಅಂತ ಆ ದಿನ ಗಟ್ಟಿಯಾಯಿತು. ಸಮಾನತೆಯ ಕಾನೂನು ಹೆಂಗಸರ ಪರ ಮಾತ್ರ ಅನ್ನುವ ಭಾವಮೈದುನರು ಇದ್ದಾರಲ್ಲ, ಅವರಿಗೆ ಈ ಪ್ಯಾರಾ.

ಈಗ ನರ್ಸ್‌ಗಳ ಸರದಿ. 1994ರ ಸೆಪ್ಟೆಂಬರ್ 28ರಂದು ನೆದರ್‌ಲ್ಯಾಂಡ್ಸ್‌ನ ಇಬ್ಬರು ಪಾರ್ಟ್ ಟೈಮ್ ಮಹಿಳೆಯರ ಕೇಸಿನಲ್ಲಿ ಲಕ್ಸೆಂಬರ್ಗ್ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಪೆನ್ಷನ್ ಯೋಜನೆಗೆ ಸೇರುವ ಹಕ್ಕನ್ನು 1976ರ ಏಪ್ರಿಲ್ 8ರವರೆಗೂ ಹಿಂದಕ್ಕೆ ಲೆಕ್ಕ ಹಾಕಿ ಕೇಳಬಹುದು ಅಂದಿತು. ಜೊತೆಗೆ ಒಂದು ಷರತ್ತು: ಅಷ್ಟು ವರ್ಷಗಳ ನಿಮ್ಮ ಪಾಲಿನ ವಂತಿಗೆಯನ್ನು ನೀವು ಈಗ ಕಟ್ಟಬೇಕು.

ಸುದ್ದಿ ಬ್ರಿಟನ್ನಿಗೆ ಬಂದದ್ದೇ ತಡ, ಯೂನಿಯನ್‌ಗಳು ಎದ್ದು ನಿಂತವು. ಸುಮಾರು 60,000 ಪಾರ್ಟ್ ಟೈಮ್ ಉದ್ಯೋಗಿಗಳು ಟ್ರಿಬ್ಯೂನಲ್‌ಗೆ ಅರ್ಜಿ ಹಾಕಿದರು. ಒಬ್ಬೊಬ್ಬರದ್ದನ್ನೇ ವಿಚಾರಿಸಲು ಹೋದರೆ ತಲೆಮಾರು ಕಳೆಯುತ್ತದೆ ಅಂತ 22 ಮಾದರಿ ಕೇಸುಗಳನ್ನು ಆರಿಸಿಕೊಂಡರು. ಮೊದಲ ಹೆಸರು ಪ್ರೆಸ್ಟನ್ ಎಂಬುವರದು, ಎದುರು ಪಕ್ಷ ವುಲ್ವರ್‌ಹ್ಯಾಂಪ್ಟನ್‌ನ ಎನ್‌ಎಚ್‌ಎಸ್ ಟ್ರಸ್ಟ್. ನಾನಿರುವ ಬರ್ಮಿಂಗ್‌ಹ್ಯಾಮ್‌ನಿಂದ ರೈಲು ಹತ್ತಿದರೆ ಅರ್ಧ ಗಂಟೆಯೊಳಗೆ ಸಿಗುವ ಊರು.

ಅಡ್ಡಿ ಬಂದದ್ದು ಬ್ರಿಟಿಷ್ ಕಾನೂನಿನ ಎರಡು ಕಾಲಮಿತಿಗಳಿಂದ. ಒಂದು, ಕೆಲಸ ಬಿಟ್ಟ ಆರು ತಿಂಗಳೊಳಗೆ ಕೇಸು ಹಾಕಬೇಕು. ಇನ್ನೊಂದು, ಗೆದ್ದರೂ ಕೇಸು ಹಾಕಿದ ದಿನಕ್ಕಿಂತ ಎರಡು ವರ್ಷದ ಹಿಂದಿನ ಸೇವೆ ಮಾತ್ರ ಲೆಕ್ಕಕ್ಕೆ. ಹದಿನೈದು ವರ್ಷ ವಾರ್ಡಿನಲ್ಲಿ ನಿಂತವರಿಗೆ ಎರಡು ವರ್ಷದ ಪೆನ್ಷನ್! ಟ್ರಿಬ್ಯೂನಲ್‌ನಲ್ಲಿ ಸೋತರು, ಅದರ ಮೇಲಿನ ಟ್ರಿಬ್ಯೂನಲ್‌ನಲ್ಲಿ ಸೋತರು, ಮೇಲ್ಮನವಿ ನ್ಯಾಯಾಲಯದಲ್ಲೂ ಸೋತರು. 1998ರಲ್ಲಿ ಹೌಸ್ ಆಫ್ ಲಾರ್ಡ್ಸ್, ಅಂದರೆ ಆಗ ಇಲ್ಲಿಯ ಅತ್ಯುನ್ನತ ನ್ಯಾಯಪೀಠ, ಲಕ್ಸೆಂಬರ್ಗಿನ ಅಭಿಪ್ರಾಯ ಕೇಳಿತು. ಅದು ಬಂದದ್ದು 2000ದ ಮೇ 16ರಂದು. ಲಾರ್ಡ್ಸ್ ಕೊನೆಯ ತೀರ್ಪು 2001ರ ಫೆಬ್ರವರಿ 8ರಂದು.

ಎರಡು ವರ್ಷದ ಮಿತಿ ಬಿದ್ದುಹೋಯಿತು. ಅದು ಹಕ್ಕನ್ನೇ ಇಲ್ಲವಾಗಿಸುತ್ತದೆ ಅಂದರು. 1976ರ ಏಪ್ರಿಲ್ 8ರಿಂದ ದುಡಿದದ್ದೆಲ್ಲ ಲೆಕ್ಕಕ್ಕೆ ಬಂತು. ಒಂದರ ಹಿಂದೆ ಒಂದು ಸಣ್ಣ ಸಣ್ಣ ಗುತ್ತಿಗೆಯಲ್ಲಿ ಅದೇ ಕಡೆ ಕೆಲಸ ಮಾಡುತ್ತಾ ಬಂದವರಿಗೂ, ಕೊನೆಯ ಗುತ್ತಿಗೆ ಮುಗಿದ ದಿನದಿಂದ ಆರು ತಿಂಗಳು ಎಣಿಸಿದರೆ ಸಾಕು ಅಂತಾಯಿತು. ಆದರೆ ಆರು ತಿಂಗಳ ಮಿತಿ ಮಾತ್ರ ಉಳಿಯಿತು.

ಅದರ ಅರ್ಥ ಏನು ಅಂತ ಸ್ವಲ್ಪ ಯೋಚಿಸಿ. 1985ರಲ್ಲಿ ನಿವೃತ್ತಳಾದ ಪಾರ್ಟ್ ಟೈಮ್ ನರ್ಸ್ ಒಬ್ಬಳು ಅಂದುಕೊಳ್ಳಿ. ಪಾರ್ಟ್ ಟೈಮ್‌ನವರನ್ನು ಹೊರಗಿಡುವುದು ತಪ್ಪು ಅಂತ ಜರ್ಮನಿಯ ಕೇಸಿನಲ್ಲಿ ತೀರ್ಪು ಬಂದದ್ದೇ 1986ರಲ್ಲಿ. ಅಷ್ಟರಲ್ಲಿ ಇವಳ ಆರು ತಿಂಗಳು ಮುಗಿದಿರುತ್ತದೆ. ಯಾವ ಕೋರ್ಟೂ ಗುರುತಿಸದೆ ಇದ್ದ ಹಕ್ಕನ್ನು ಆಗಲೇ ಕೇಳಬೇಕಿತ್ತು ಅಂದ ಹಾಗೆ. ಗೆಲುವು ದೊಡ್ಡದೇ, ಆದರೆ ಆ ಗೆಲುವಿನ ಪತ್ರಿಕೆ ಓದುತ್ತಾ ಮನೆಯಲ್ಲಿ ಸುಮ್ಮನೆ ಕೂತವರೂ ಇದ್ದರು ಅನ್ನುವುದನ್ನು ಮರೆಯಬಾರದು. ಗೆದ್ದವರಿಗೂ ಹಣ ನೇರ ಕೈಗೆ ಬರಲಿಲ್ಲ. ಎಪ್ಪತ್ತು, ಎಂಬತ್ತರ ದಶಕದಲ್ಲಿ ಎಷ್ಟು ಗಂಟೆ ಕೆಲಸ ಮಾಡಿದ್ದೆ ಅಂತ ತೋರಿಸಬೇಕು, ತಮ್ಮ ಪಾಲಿನ ಹಳೆಯ ವಂತಿಗೆ ಕಟ್ಟಬೇಕು.

ಇದಾದ ಮೇಲೆ ಒಂದು ತಮಾಷೆ ನಡೆಯಿತು. ಪಾರ್ಟ್ ಟೈಮ್‌ನವರ ವಿರುದ್ಧ ತಾರತಮ್ಯ ಕೂಡದು ಅಂತ ಬ್ರಿಟನ್ 2000ದ ಜುಲೈ 1ರಿಂದ ಪ್ರತ್ಯೇಕ ನಿಯಮವನ್ನೇ ತಂದಿತ್ತು. ಅದನ್ನು ಹಿಡಿದುಕೊಂಡು ಕೋರ್ಟಿಗೆ ಹೋದವರಲ್ಲಿ ಡರ್ಮಡ್ ಓಬ್ರಿಯನ್ ಎಂಬ ನ್ಯಾಯಾಧೀಶರೇ ಒಬ್ಬರು! ದಿನದ ಫೀಸಿನ ಲೆಕ್ಕದಲ್ಲಿ ಪಾರ್ಟ್ ಟೈಮ್ ನ್ಯಾಯಾಧೀಶರಾಗಿ ಕೆಲಸ ಮಾಡಿ 2005ರಲ್ಲಿ ನಿವೃತ್ತರಾದವರು. ಫುಲ್ ಟೈಮ್ ನ್ಯಾಯಾಧೀಶರಿಗೆ ಪೆನ್ಷನ್, ಇವರಿಗಿಲ್ಲ. 2013ರಲ್ಲಿ ಇಲ್ಲಿಯ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. 2000ಕ್ಕೆ ಮೊದಲಿನ ಸೇವೆಯೂ ಲೆಕ್ಕಕ್ಕೆ ಸೇರಬೇಕು ಅಂತ ಲಕ್ಸೆಂಬರ್ಗಿನ ತೀರ್ಪು ಬರುವಷ್ಟರಲ್ಲಿ 2018ರ ನವೆಂಬರ್ ಆಗಿತ್ತು. ಕಾನೂನು ಅರೆದು ಕುಡಿದ ನ್ಯಾಯಾಧೀಶರಿಗೇ ಹದಿಮೂರು ವರ್ಷ ಹಿಡಿದರೆ, ನೈಟ್ ಶಿಫ್ಟ್ ಮುಗಿಸಿ ಮಕ್ಕಳನ್ನು ಶಾಲೆಗೆ ಬಿಡುವ ನರ್ಸ್ ಒಬ್ಬಳೇ ಹೋಗಿದ್ದರೆ ಏನಾಗುತ್ತಿತ್ತು? ಯೂನಿಯನ್ ಬೇಕಾಗುವುದು ಇದಕ್ಕೇ.

ನಮ್ಮ ಊರಿನ ಹಿರಿಯರಿಗೆ ಡಿಸೆಂಬರ್ 17 ಪೆನ್ಷನರ್ಸ್ ಡೇ ಅಂತ ಗೊತ್ತಿರುತ್ತದೆ. ಆ ದಿನ ಯಾಕೆ ಅಂತ ಕಿರಿಯರಿಗೆ ಗೊತ್ತಿರಲಿಕ್ಕಿಲ್ಲ. 1979ರಲ್ಲಿ ಕೇಂದ್ರ ಸರ್ಕಾರ ಪೆನ್ಷನ್ ಲೆಕ್ಕಾಚಾರವನ್ನು ಉದಾರ ಮಾಡಿತು, ಆದರೆ ಆ ವರ್ಷ ಮಾರ್ಚ್ 31ರಂದು ಅಥವಾ ಆಮೇಲೆ ನಿವೃತ್ತರಾದವರಿಗೆ ಮಾತ್ರ. ಒಂದು ದಿನ ಮೊದಲು ನಿವೃತ್ತರಾದವರಿಗೆ ಹಳೆಯ ಲೆಕ್ಕ. ರಕ್ಷಣಾ ಸಚಿವಾಲಯದಲ್ಲಿದ್ದು 1972ರಲ್ಲೇ ನಿವೃತ್ತರಾಗಿದ್ದ ಡಿ. ಎಸ್. ನಕಾರಾ ಸುಪ್ರೀಂ ಕೋರ್ಟಿಗೆ ಹೋದರು. 1982ರ ಡಿಸೆಂಬರ್ 17ರಂದು ನ್ಯಾಯಮೂರ್ತಿ ಡಿ. ಎ. ದೇಸಾಯಿ ಬರೆದ ತೀರ್ಪು ಬಂತು. ಪೆನ್ಷನ್ ದಾನವೂ ಅಲ್ಲ, ಕೃಪೆಯೂ ಅಲ್ಲ, ಹಿಂದೆ ಮಾಡಿದ ಸೇವೆಗೆ ಕೊಡುವ ಹಣ, ಪೆನ್ಷನ್‌ದಾರರನ್ನು ಒಂದು ತಾರೀಖಿನ ಗೆರೆ ಎಳೆದು ಹೀಗೆ ಎರಡು ಭಾಗ ಮಾಡಬಾರದು ಅಂತ.

ಇಷ್ಟು ಒಳ್ಳೆಯ ತೀರ್ಪು ನಮ್ಮಲ್ಲೇ ಇದ್ದರೂ ಅದರ ಬಾಗಿಲು ಎಲ್ಲರಿಗೂ ತೆರೆಯಲಿಲ್ಲ. ನಮ್ಮ ಮನೆಯ ಉದಾಹರಣೆಯೇ ಇದೆ. ಚಿಕ್ಕಮ್ಮ ಅಂಗನವಾಡಿ ಟೀಚರ್. ಮಕ್ಕಳ ತೂಕ ನೋಡುವುದರಿಂದ ಬಸುರಿಯರ ಪಟ್ಟಿ ಬರೆಯುವವರೆಗೆ ಎಲ್ಲ ಅವರ ಕೆಲಸ. ನಾನು ನರ್ಸಿಂಗ್ ಓದಲು ಆಸೆಪಟ್ಟಿದ್ದೇ ಅವರ ಹಿಂದೆ ಮನೆ ಮನೆ ತಿರುಗಿ. ಆದರೆ ಅವರಿಗೆ ಬರುವುದಕ್ಕೆ ಸಂಬಳ ಅನ್ನುವುದಿಲ್ಲ, ಗೌರವಧನ ಅನ್ನುತ್ತಾರೆ. ಆ ಒಂದು ಪದದಲ್ಲೇ ಎಲ್ಲ ಇದೆ. ಕರ್ನಾಟಕ ಸರ್ಕಾರ ಮತ್ತು ಅಮೀರ್‌ಬಿ ಎಂಬುವರ ಕೇಸಿನಲ್ಲಿ 2006ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ಹುದ್ದೆ ಅಲ್ಲ ಅಂತ ಹೇಳಿತ್ತು. ಹುದ್ದೆ ಅಲ್ಲ ಅಂದಮೇಲೆ ಸರ್ಕಾರಿ ನೌಕರರ ಪೆನ್ಷನ್ ಮಾತೇ ಇಲ್ಲ.

2022ರ ಏಪ್ರಿಲ್ 25ರಂದು ಗುಜರಾತಿನ ಮಣಿಬೆನ್ ಭಾರಿಯಾ ಎಂಬುವರ ಕೇಸಿನಲ್ಲಿ ಅದೇ ಸುಪ್ರೀಂ ಕೋರ್ಟ್ ಬೇರೆ ದಾರಿಯಿಂದ ಬಂತು. ಅಂಗನವಾಡಿ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ 1972ರ ಕಾಯ್ದೆಯಂತೆ ಗ್ರಾಚ್ಯುಟಿ ಸಿಗಬೇಕು, ಅವರಿಗೆ ಕೊಡುವ ಗೌರವಧನ ಆ ಕಾಯ್ದೆಯ ಅರ್ಥದಲ್ಲಿ ವೇತನವೇ ಅಂದಿತು. ಗ್ರಾಚ್ಯುಟಿ ಅಂದರೆ ಪೆನ್ಷನ್ ಅಲ್ಲ, ಕೆಲಸ ಬಿಡುವಾಗ ಒಮ್ಮೆ ಸಿಗುವ ಇಡಿಗಂಟು. ಆದರೂ ನನಗೆ ಅದನ್ನು ಓದುವಾಗ ಆ ಜರ್ಮನಿಯ ಅಂಗಡಿಯ ಹೆಂಗಸೇ ನೆನಪಾದರು. ಏನು ಹೆಸರಿಟ್ಟು ಕರೆದರೂ, ದುಡಿದದ್ದಕ್ಕೆ ಕೊಟ್ಟರೆ ಅದು ಸಂಬಳವೇ. ಗೌರವ ಬೇಡ ಅಂತಲ್ಲ, ಧನವನ್ನು ಸಂಬಳ ಅಂತ ಒಪ್ಪಿಕೊಂಡರೆ ಗೌರವ ತಾನೇ ಬರುತ್ತದೆ.

ಈಗ ನಮ್ಮ ಹುಡುಗಿಯರಿಗೆ ಎರಡು ಮಾತು. ನಿಮ್ಮಲ್ಲಿ ನಾಲ್ಕೈದು ಜನ ಶಿವಮೊಗ್ಗ, ಬೆಂಗಳೂರಿನ ಬೇರೆ ಬೇರೆ ನರ್ಸಿಂಗ್ ಹೋಮ್‌ಗಳಲ್ಲಿ ಇದ್ದೀರಿ. ಎರಡು ವರ್ಷ ಇಲ್ಲಿ, ಒಂದೂವರೆ ವರ್ಷ ಅಲ್ಲಿ. ಕೆಲಸ ಬಿಟ್ಟಾಗಲೆಲ್ಲ ಪಿಎಫ್ ತೆಗೆದು ಮೊಬೈಲ್ ಕೊಳ್ಳುವುದು ನಿಮ್ಮ ಅಭ್ಯಾಸ ಅಂತ ಕೇಳಿದೆ! 1995ರ ನವೆಂಬರ್‌ನಲ್ಲಿ ಶುರುವಾದ ಇಪಿಎಸ್ ಪೆನ್ಷನ್‌ಗೆ ಹತ್ತು ವರ್ಷದ ಸೇವೆ ಬೇಕು. ಪಿಎಫ್ ಜೊತೆ ಪೆನ್ಷನ್ ಪಾಲನ್ನೂ ತೆಗೆದುಬಿಟ್ಟರೆ ಅಷ್ಟು ವರ್ಷದ ಲೆಕ್ಕ ಅಲ್ಲಿಗೆ ಮುಗಿಯಿತು, ಮತ್ತೆ ಸೊನ್ನೆಯಿಂದ ಶುರು. ತೆಗೆಯದೆ ಹೊಸ ಕಡೆಗೆ ವರ್ಗ ಮಾಡಿಸಿಕೊಂಡರೆ ವರ್ಷಗಳು ಕೂಡುತ್ತಾ ಹೋಗುತ್ತವೆ. ನಿಮ್ಮ ಯುಎಎನ್ ನಂಬರ್ ಬರೆದಿಟ್ಟುಕೊಳ್ಳಿ. ನೇಮಕಾತಿ ಪತ್ರ, ಬಿಡುಗಡೆ ಪತ್ರ, ಪೇಸ್ಲಿಪ್ ಯಾವುದನ್ನೂ ಎಸೆಯಬೇಡಿ.

ಚಿಕ್ಕಮ್ಮನಿಗೂ ಫೋನಿನಲ್ಲಿ ಅದನ್ನೇ ಹೇಳಿದೆ. ಅವರು ನಕ್ಕು, "ಎಲ್ಲ ಟ್ರಂಕಿನಲ್ಲಿ ಇದೆ ಬಿಡೇ" ಅಂದರು. ನೇಮಕದ ಆದೇಶದಿಂದ ಹಿಡಿದು ಹಾಜರಿ ಪುಸ್ತಕದ ನಕಲಿನವರೆಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದಾರಂತೆ. ಅವರ ನಿವೃತ್ತಿಗೆ ಇನ್ನು ಎರಡೇ ವರ್ಷ. ಊರಿನಲ್ಲಿರುವ ತಮ್ಮಂದಿರಲ್ಲಿ ಯಾರಾದರೂ ಒಬ್ಬರು ಈ ಭಾನುವಾರ ಹೋಗಿ ಆ ಕಾಗದಗಳನ್ನೆಲ್ಲ ಫೋಟೋ ತೆಗೆದು ನನಗೆ ಕಳಿಸಿ. ಯಾವುದು ಇದೆ, ಯಾವುದು ಕಡಿಮೆ ಬಿದ್ದಿದೆ ಅಂತ ಪಟ್ಟಿ ಮಾಡಿಕೊಡುತ್ತೇನೆ. ಚಿಕ್ಕಮ್ಮನ ಜೊತೆ ಕೆಲಸ ಮಾಡುವ ಬೇರೆಯವರದ್ದೂ ಇದ್ದರೆ ಕಳಿಸಿ, ಸಂಕೋಚ ಬೇಡ.

ಮುಂದಿನ ಭಾಗ ಹದಿನೈದು ದಿನ ಬಿಟ್ಟು.